ಹಸಿ ಮೀನು, ಬೇಯಿಸದ ಮೀನು: ಬೆಳಗಾವಿಯಲ್ಲಿ ಸುಶಿ ತಿನ್ನುವವರಿಗೊಂದು ಹೋಲಿಕೆ

ನಮ್ಮ ಕಡೆ ಮೀನಿನಲ್ಲಿ ಎರಡೇ ಜಾತಿ: ಹಸಿ ಮೀನು, ಒಣ ಮೀನು. ಕ್ಯಾಂಪಿನ ಮೀನು ಮಾರ್ಕೆಟ್ಟಿನಲ್ಲಿ ‘ಹಸಿ ಮೀನ ಐತ್ರಿ’ ಅಂದರೆ ಐಸಿನ ಮೇಲೆ ಮಲಗಿರುವ ಸುರಮಯಿ, ಬಾಂಗಡಾ, ಪಾಪ್ಲೇಟು. ಹಾಗೇ ಬಾಯಿಗೆ ಹಾಕಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ತಾಜಾ ಅನ್ನುವುದಕ್ಕೂ ಬೇಯಿಸದ್ದು ಅನ್ನುವುದಕ್ಕೂ ನಮ್ಮಲ್ಲಿ ಒಂದೇ ಮಾತಿದ್ದರೂ ಇಷ್ಟು ವರ್ಷ ಅದರಿಂದ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ, ತವಾದ ಮೇಲೆ ಹಾಕಿದರೆ ಎರಡು ಅರ್ಥದ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಹುಳಿ ಅನ್ನದ ಜೊತೆ ಹಲವು ಸಲ ಬೇಯಿಸದ ಮೀನನ್ನೇ ಇಡುವ ಜಪಾನಿನ ಸುಶಿ ಬಂದ ಮೇಲೆ ಹಾಗಿಲ್ಲ. ಪುಣೆಯಲ್ಲಿ ಕೆಲಸ ಮಾಡುವ ಅಣ್ಣನ ಮಗ ಕಳೆದ ಚಳಿಗಾಲದಲ್ಲಿ ಊರಿಗೆ ಬಂದಾಗ ರವಿವಾರ ನನ್ನ ಜೊತೆ ಮಾರ್ಕೆಟ್ಟಿಗೆ ಹೊರಟ. ಒಂದು ಸುರಮಯಿಯ ಕಿವಿರು ಎತ್ತಿ ನೋಡಿದ, ದಾಸವಾಳದ ಹಾಗೆ ಕೆಂಪಗಿತ್ತು. ಕಣ್ಣು ಉಬ್ಬಿ ಹೊಳೆಯುತ್ತಿತ್ತು. ‘ಕಾಕಾ, ಇಷ್ಟ ತಾಜಾ ಐತಿ, ತೆಳ್ಳಗ ಕೊಯ್ದು ಸುಶಿ ಮಾಡೂಣು’ ಅಂದ. ಮೀನು ಮಾರುವ ಮಾವಶಿ ಕೈಯಲ್ಲಿನ ಕೆಲಸ ನಿಲ್ಲಿಸಿ ಅವನ ಮುಖ ನೋಡಿದರು. ‘ಬೇಸಲಾರದನ? ಮೂವತ್ತ ವರ್ಷಾತು ಮೀನ ಮಾರಾಕತ್ತಿ, ನಾನೂ ಹಂಗ ತಿಂದಿಲ್ಲೋ ಯಪ್ಪಾ!’

ಮಾವಶಿ ನಕ್ಕರು, ಹುಡುಗನಿಗೆ ಸಿಟ್ಟು ಬಂತು. ‘ಮತ್ತ ಜಪಾನ್ದಾವ್ರು ತಿನ್ನೂದಿಲ್ಲೇನು?’ ತಿನ್ನುತ್ತಾರೆ. ಆದರೆ ಅವರು ನೋಡುವುದು ಕಿವಿರಿನ ಬಣ್ಣವನ್ನಷ್ಟೇ ಅಲ್ಲ. ಅವತ್ತು ಮಾರ್ಕೆಟ್ಟಿನಿಂದ ಮನೆಯವರೆಗೆ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿಯಲ್ಲಿ ಕೂತು ಸುಶಿ ತಿನ್ನಬೇಕು ಅನ್ನುವವರ ಮುಂದೆ ನಾಲ್ಕೈದು ದಾರಿಗಳಿವೆ. ಅವೆಲ್ಲ ಒಂದೇ ತೂಕದವಲ್ಲ.

ಮಾರ್ಕೆಟ್ಟಿನ ತಾಜಾ ಮೀನೋ, ಫ್ರೀಜರಿನ ಮೀನೋ?

ಅಡುಗೆಗಾದರೆ ನಾನು ಕಣ್ಣುಮುಚ್ಚಿ ಮಾರ್ಕೆಟ್ಟಿನ ಮೀನನ್ನೇ ಆರಿಸುತ್ತೇನೆ. ಫ್ರೋಜನ್ ಮೀನು ಅಂದರೆ ಮೂಗು ಮುರಿಯುವ ಮನೆತನ ನಮ್ಮದು. ಬೇಯಿಸದೆ ತಿನ್ನುವಾಗ ಮಾತ್ರ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ.

ಕಾರಣ ಹುಳು. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ದಾರದಂಥ ಹುಳುವಿನ ಮರಿಗಳಿರುತ್ತವೆ, ಎರಡು-ಮೂರು ಸೆಂಟಿಮೀಟರ್ ಉದ್ದ. ಮೀನು ಜೀವಂತ ಇರುವಾಗ ಹೆಚ್ಚಾಗಿ ಅದರ ಕರುಳಿನ ಸುತ್ತ ಸುರುಳಿ ಸುತ್ತಿಕೊಂಡಿರುತ್ತವೆ. ಮೀನು ಸತ್ತು ಹೊಟ್ಟೆ ಬಗೆಯುವುದು ತಡವಾದರೆ ಮಾಂಸದೊಳಕ್ಕೆ ಸರಿಯುತ್ತವೆ. ಅಂಥ ತುಂಡನ್ನು ಹಸಿಯಾಗಿ ತಿಂದರೆ ಕೆಲವೇ ತಾಸಿನಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋವು, ವಾಂತಿ. ಕೆಲವರಿಗೆ ಮೈಮೇಲೆ ಪಿತ್ತದ ಗಂಧೆಗಳೂ ಏಳುತ್ತವೆ. ಜಪಾನಿನ ಡಾಕ್ಟರುಗಳು ಎಂಡೋಸ್ಕೋಪ್ ಇಳಿಸಿ ಹುಳುವನ್ನು ಚಿಮಟದಿಂದ ಹಿಡಿದು ತೆಗೆಯುತ್ತಾರೆ. ಮೀನು ತಾಜಾ ಅಂದ ಮಾತ್ರಕ್ಕೆ ಹುಳುವಿಲ್ಲ ಎಂದಲ್ಲ. ಈಗಷ್ಟೇ ಬಲೆಯಿಂದ ಬಿದ್ದ ಮೀನಿನಲ್ಲಿ ಹುಳುವೂ ಅಷ್ಟೇ ತಾಜಾ ಇರುತ್ತದೆ.

ಅದನ್ನು ಕೊಲ್ಲುವುದು ಎರಡೇ: ಬೆಂಕಿ, ಇಲ್ಲವೇ ಗಟ್ಟಿ ಥಂಡಿ. ವಿನೆಗರ್, ಲಿಂಬೆರಸ, ಸೋಯಾ ಸಾಸ್, ಸುಶಿ ಜೊತೆ ಕೊಡುವ ಖಾರದ ವಾಸಾಬಿ ಯಾವುದರ ಮೇಲೂ ಭರವಸೆ ಇಡುವ ಹಾಗಿಲ್ಲ. (ಅಂದಹಾಗೆ ನಮಗೆ ಸಿಗುವ ಹಸಿರು ವಾಸಾಬಿಯಲ್ಲಿ ಬಹುಪಾಲು ಹಾರ್ಸ್‌ರ‍್ಯಾಡಿಷ್ ಗಡ್ಡೆಗೆ ಬಣ್ಣ ಕಲಸಿದ್ದು. ಮೂಗು ಉರಿಯುತ್ತದೆ, ಹುಳುವಿಗೆ ಏನೂ ಆಗುವುದಿಲ್ಲ.) ಬೇಯಿಸದೆ ಬಡಿಸುವ ಮೀನಿಗೆ ಅಮೆರಿಕದ ನಿಯಮ ಮೈನಸ್ 20 ಡಿಗ್ರಿಯಲ್ಲಿ 7 ದಿನ, ಅಥವಾ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾದ ಮೇಲೆ 15 ತಾಸು. ಯುರೋಪಿನವರು ಮೀನಿನ ಒಳಭಾಗವೂ ಸೇರಿ ಮೈನಸ್ 20ಕ್ಕೆ ಇಳಿದ ಮೇಲೆ ಕನಿಷ್ಠ 24 ತಾಸು ಎನ್ನುತ್ತಾರೆ. ಹಾಗಾಗಿ ಸುಶಿ ತಿನ್ನುವ ದೇಶಗಳಲ್ಲಿ ‘ಫ್ರೋಜನ್’ ಅನ್ನುವುದು ಬೈಗುಳವಲ್ಲ. ಜಪಾನಿನಲ್ಲಿ ಸಾಶಿಮಿಗೆ (ಅನ್ನವಿಲ್ಲದ, ಬರೀ ಬೇಯಿಸದ ಮೀನಿನ ತುಂಡು) ಹೋಗುವ ಒಳ್ಳೆಯ ಟ್ಯೂನಾವನ್ನು ಮೈನಸ್ 60 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ.

‘ಹಂಗಾದ್ರ ಈ ಸುರಮಯಿನ ನಮ್ಮ ಫ್ರಿಜ್ಜಿನ್ಯಾಗ ಒಂದ ವಾರ ಇಟ್ರ?’ ಹುಡುಗನ ಮುಂದಿನ ಪ್ರಶ್ನೆ. ಆಗುವುದಿಲ್ಲ. ಮನೆಯ ಫ್ರೀಜರ್ ಚೆನ್ನಾಗಿದ್ದರೆ ಮೈನಸ್ 18ರ ಹತ್ತಿರ ಇರುತ್ತದೆ. ದಿನಕ್ಕೆ ಹತ್ತು ಸಲ ಐಸ್‌ಕ್ರೀಮಿಗೆ ಬಾಗಿಲು ತೆಗೆಯುತ್ತೇವೆ, ನಡುವೆ ಕರೆಂಟು ಹೋಗುತ್ತದೆ. ಅಲ್ಲಿ ನಿಧಾನಕ್ಕೆ ಗಟ್ಟಿಯಾದ ಮೀನು ಕರಗಿದಾಗ ಮೆತ್ತಗೆ ನೀರು ಬಿಡುತ್ತದೆ. ಸುರಕ್ಷತೆಯೂ ಇಲ್ಲ, ರುಚಿಯೂ ಇಲ್ಲ.

ಥಂಡಿಗೂ ಮಿತಿಯಿದೆ. ಅದು ಹುಳುವನ್ನು ಕೊಲ್ಲುತ್ತದೆ, ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಮಲಗಿಸುತ್ತದೆ ಅಷ್ಟೇ. ಐಸು ಕರಗಿದರೆ ಅವು ಎದ್ದು ಕೂರುತ್ತವೆ. 1950ರಲ್ಲಿ ಒಸಾಕಾದಲ್ಲಿ ಶಿರಾಸು ಎಂಬ ಅರೆಬರೆ ಒಣಗಿದ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದು 20 ಜನ ಸತ್ತರು. ಆ ತನಿಖೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಈಗ ವಿಬ್ರಿಯೊ ಪ್ಯಾರಾಹೆಮೊಲಿಟಿಕಸ್ ಎಂದು ಹೆಸರು. ಉಪ್ಪುನೀರಿನದ್ದು, ಸೆಕೆ ಬಂದರೆ ಹತ್ತು ನಿಮಿಷಕ್ಕೆ ಒಂದು ಎರಡಾಗುವಷ್ಟು ಅವಸರದ್ದು. ಬೆಳಗಾವಿ ತಂಪು ಊರು ಎಂದು ನಮಗೆ ಹೆಮ್ಮೆ. ನಮಗೆ ಹಿತವಾದ 25 ಡಿಗ್ರಿ ಅದಕ್ಕೂ ಹಿತವೇ.

ನಮ್ಮ ಮಾರ್ಕೆಟ್ಟಿಗೆ ಬರುವ ಮೀನಿನ ದಾರಿಯನ್ನೂ ನೆನೆಯಿರಿ. ಗೋವಾ ಅಥವಾ ಕಾರವಾರದ ಧಕ್ಕೆಯಲ್ಲಿ ಇಳಿದು, ಐಸು ತುಂಬಿದ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ, ಬೆಳಗಿನ ಜಾವ ಇಲ್ಲಿ ಇಳಿದು, ಎಲ್ಲ ಮೀನಿಗೂ ಒಂದೇ ಆದ ಮರದ ಕೊರಡಿನ ಮೇಲೆ ತುಂಡಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಬೇಯಿಸುವ ಮೀನಿಗೆ ಅಷ್ಟು ಸಾಕು. ಆ ಸರಪಳಿಯಲ್ಲಿ ಒಬ್ಬರೂ ‘ಇದನ್ನು ಯಾರೋ ಬೇಯಿಸದೆ ತಿನ್ನುತ್ತಾರೆ’ ಎಂದುಕೊಂಡು ಕೈ ಹಾಕಿರುವುದಿಲ್ಲ, ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಬರುವ ಮೀನಿನ ದಾರಿ ಇನ್ನೂ ಉದ್ದ. 2018ರ ಜುಲೈನಲ್ಲಿ ಗೋವಾದಲ್ಲಿ ಮೀನು ಕೆಡದಿರಲೆಂದು ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಎಂಬ ಗಲಾಟೆ ಎದ್ದು ಹೊರರಾಜ್ಯದ ಮೀನನ್ನು ಅಲ್ಲಿನ ಸರ್ಕಾರ ಕೆಲವು ದಿನ ತಡೆದದ್ದು ಇಲ್ಲಿ ಮೀನು ತಿನ್ನುವವರಿಗೆಲ್ಲ ನೆನಪಿರಬೇಕು.

ಯಾವ ಮೀನು?

ಹೊಳೆ ಮೀನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಹಿಡಕಲ್ ಡ್ಯಾಮಿನ ಕಟ್ಲಾ ಇರಲಿ, ಮಲಪ್ರಭೆಯ ರೋಹು ಇರಲಿ, ಕೃಷ್ಣೆಯ ಬಾಳೆ ಮೀನಿರಲಿ, ಕಣ್ಣೆದುರೇ ಹಿಡಿದದ್ದಾದರೂ ಬೇಯಿಸದೆ ತಿನ್ನುವ ಮಾತೇ ಬೇಡ. ಸಿಹಿನೀರಿನ ಮೀನಿನಲ್ಲಿ ಬರುವ ಯಕೃತ್ತಿನ ಚಪ್ಪಟೆ ಹುಳು, ಲಾಡಿಹುಳುಗಳು ಅನಿಸಾಕಿಸ್‌ನಂತೆ ಕೆಲವು ದಿನ ಕಾಡಿ ಸಾಯುವವಲ್ಲ. ಒಳಗೇ ಮನೆ ಮಾಡಿ ವರ್ಷಗಟ್ಟಲೆ ಬದುಕುತ್ತವೆ. ಥೈಲ್ಯಾಂಡಿನ ಈಶಾನ್ಯ ಭಾಗದಲ್ಲಿ ಹೊಳೆ ಮೀನನ್ನು ಹಸಿಯಾಗಿ ಕೊಚ್ಚಿ ಖಾರ-ಹುಳಿ ಹಾಕಿ ತಿನ್ನುವ ರೂಢಿಯಿದೆ. ಅದರಿಂದ ಹರಡುವ ಒಂದು ಹುಳುವನ್ನು ಪಿತ್ತನಾಳದ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಗುರುತಿಸಿದೆ.

ಇನ್ನು ಸಾಲ್ಮನ್. ಸುಶಿ ಅಂದ ಕೂಡಲೆ ಕಣ್ಣೆದುರು ಬರುವ ಕೇಸರಿ ಬಣ್ಣದ ತುಂಡು ಇದೇ. ತಮಾಷೆ ಏನೆಂದರೆ ಜಪಾನಿನವರು ತಮ್ಮ ಕಡಲಿನ ಸಾಲ್ಮನ್ನನ್ನು ಹುಳುವಿನ ಭಯಕ್ಕೆ ಹಸಿಯಾಗಿ ತಿನ್ನುತ್ತಿರಲಿಲ್ಲ. ಸಾಕಿದ ಸಾಲ್ಮನ್ ಮಾರಲು 1980ರ ದಶಕದಲ್ಲಿ ನಾರ್ವೆಯವರು ಹೋಗಿ ಅವರ ಮನವೊಲಿಸಿದ್ದು. ಸಾಕಿದ ಮೀನಿಗೆ ಹಾಕುವುದು ಕಾರ್ಖಾನೆಯ ಒಣ ಆಹಾರ, ಹುಳುವಿರುವ ಸಣ್ಣ ಮೀನು ಅದರ ಬಾಯಿಗೆ ಬೀಳುವುದು ಅಪರೂಪ. ಹಾಗಾಗಿ ಸಾಕಿದ ಸಾಲ್ಮನ್ ಮತ್ತು ಕಡಲಿನಲ್ಲಿ ಹಿಡಿದ ಸಾಲ್ಮನ್ ಎರಡರಲ್ಲಿ ಹಸಿ ತಿನ್ನಲು ಸಾಕಿದ್ದೇ ಮೇಲು. ನಾಟಿ ಕೋಳಿ, ಫಾರ್ಮ್ ಕೋಳಿ ಲೆಕ್ಕ ಇಲ್ಲಿ ತಲೆಕೆಳಗು.

ಟ್ಯೂನಾದಲ್ಲಿ, ಅದರಲ್ಲೂ ದೊಡ್ಡ ಜಾತಿಗಳಲ್ಲಿ, ಹುಳುವಿನ ಭಯ ಕಡಿಮೆ. ಅಮೆರಿಕದವರು ಅವಕ್ಕೆ ಫ್ರೀಜಿಂಗ್ ನಿಯಮದಿಂದಲೇ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಟ್ಯೂನಾಕ್ಕೆ ಬೇರೆ ರೋಗವಿದೆ, ಅದು ನಮ್ಮ ಬಾಂಗಡಾ, ಸುರಮಯಿಗೂ ಇದೆ, ಮೂರೂ ಒಂದೇ ಕುಟುಂಬದವು. ಈ ಮೀನುಗಳು ಐಸಿಲ್ಲದೆ ಬಿಸಿಲಿನಲ್ಲಿ ಕೂತರೆ ಅವುಗಳ ಮಾಂಸದಲ್ಲಿನ ಹಿಸ್ಟಿಡಿನ್ ಎಂಬ ಅಂಶವನ್ನು ಬ್ಯಾಕ್ಟೀರಿಯಾ ಅಲರ್ಜಿಯ ಹಾಗೇ ಕಾಡುವ ಹಿಸ್ಟಮಿನ್ ಆಗಿ ಮಾಡಿಬಿಡುತ್ತದೆ. ಒಮ್ಮೆ ಆಯಿತೆಂದರೆ ಥಂಡಿಗೂ ಹೋಗುವುದಿಲ್ಲ, ಬೆಂಕಿಗೂ ಹೋಗುವುದಿಲ್ಲ. ಇದರ ರುಚಿ ನನಗೆ ಗೊತ್ತು. ಒಂದು ಏಪ್ರಿಲ್ ಮಧ್ಯಾಹ್ನ ಹೆದ್ದಾರಿ ಪಕ್ಕದ ಖಾನಾವಳಿಯೊಂದರಲ್ಲಿ ಕರಿದ ಬಾಂಗಡಾ ತಿಂದೆ. ಗರಿಗರಿಯಾಗಿತ್ತು, ತುಸು ಮೆಣಸು ಕಡಿದ ಹಾಗೆ ನಾಲಿಗೆ ಚುರುಗುಟ್ಟಿತು, ಖಾರ ಇರಬೇಕು ಅಂದುಕೊಂಡೆ. ಅರ್ಧ ತಾಸಿನಲ್ಲಿ ಮುಖ-ಕುತ್ತಿಗೆ ಕೆಂಪೇರಿ ತಲೆ ಸಿಡಿಯತೊಡಗಿತು. ಜೊತೆಗಿದ್ದವರು ‘ನಿಮಗ ಮೀನದ ಅಲರ್ಜಿ ಐತಿ’ ಅಂದುಬಿಟ್ಟರು. ಹುಟ್ಟಿದಾಗಿನಿಂದ ಮೀನು ತಿನ್ನುವವನಿಗೆ ಅಲರ್ಜಿ! ಡಾಕ್ಟರು ಅಲರ್ಜಿಗೆ ಕೊಡುವ ಮಾತ್ರೆಯನ್ನೇ ಕೊಟ್ಟರು, ಸಂಜೆಗೆ ಇಳಿಯಿತು. ಮುಂದಿನ ವಾರ ಮನೆಯಲ್ಲಿ ಬಾಂಗಡಾ ತಿಂದೆ, ಏನೂ ಆಗಲಿಲ್ಲ. ತಪ್ಪು ನನ್ನ ಮೈಯದಲ್ಲ, ಆ ಮೀನು ಎಲ್ಲೋ ಬಿಸಿಲು ಕಂಡಿತ್ತು. ಜಪಾನಿನಲ್ಲೂ ಬಾಂಗಡಾದ ನೆಂಟನಾದ ಸಬಾ ಮೀನಿನ ಬಗ್ಗೆ ‘ಜೀವ ಇರುವಾಗಲೇ ಕೊಳೆಯುವ ಮೀನು’ ಎಂಬ ಮಾತಿದೆ.

ಟ್ಯೂನಾದ ಬಣ್ಣ ನೋಡಿಯೂ ಮೋಸ ಹೋಗಬಹುದು. ಕೆಲವು ಕಡೆ ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಹಾಯಿಸುತ್ತಾರೆ, ಆಗ ಕಲ್ಲಂಗಡಿಯ ತಿರುಳಿನ ಕೆಂಪು ಹಾಗೇ ನಿಲ್ಲುತ್ತದೆ. ಮೀನು ಹಳತಾದರೂ ಬಣ್ಣ ಹೊಸತು. ಜಪಾನ್ ಮತ್ತು ಯುರೋಪ್ ಒಕ್ಕೂಟ ಇದನ್ನು ನಿಷೇಧಿಸಿವೆ. ಒಳ್ಳೆಯ ಟ್ಯೂನಾ ಗಾಢ ಕೆಂಪು, ಹಳತಾದಂತೆ ಕಂದುಗೆಂಪಾಗುತ್ತದೆ. ನಮ್ಮ ಮಾರ್ಕೆಟ್ಟಿನಲ್ಲಿ ಕುಪ್ಪಾ, ಗೇದರ ಎಂದು ಮಾರುವ ಸಣ್ಣ ಟ್ಯೂನಾ ಇದೆಯಲ್ಲ, ಅದು ಸಾರಿಗೇ ಇರಲಿ.

ತಿಸರೆ, ಕಲ್ವಾದಂಥ ಚಿಪ್ಪುಜೀವಿಗಳನ್ನು ಹಸಿಯಾಗಿ ತಿನ್ನುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅವು ನೀರು ಸೋಸಿ ಬದುಕುವ ಜೀವಿಗಳು. ನೀರಿನಲ್ಲಿ ಏನಿತ್ತೋ, ಹೆಪಟೈಟಿಸ್ ಎ ವೈರಾಣುವೂ ಸೇರಿ, ಅವುಗಳ ಹೊಟ್ಟೆಯಲ್ಲಿರುತ್ತದೆ.

ಎಲ್ಲಿ ತಿನ್ನುವುದು?

‘ಗೋವಾಕ್ಕ ಹೋಗಿ ತಿಂದ್ರ ಛೊಲೊ, ಸಮುದ್ರ ಬಾಜೂಕ ಐತಿ’ ಎಂದು ಎಷ್ಟೋ ಜನ ಹೇಳುತ್ತಾರೆ. ಸುಶಿಯ ಸಾಲ್ಮನ್ ಗೋವಾದ ಮಾಂಡವಿ ಹೊಳೆಯಲ್ಲಿ ಸಿಗುವುದಲ್ಲ. ಗೋವಾದ ತಟ್ಟೆಗೂ ಬೆಂಗಳೂರಿನ ತಟ್ಟೆಗೂ ಅದು ದೂರದೇಶದಿಂದ ಥಂಡಿ ಪೆಟ್ಟಿಗೆಯಲ್ಲೇ ಬರುವುದು. ಸಮುದ್ರ ಹತ್ತಿರ ಇದ್ದದ್ದರಿಂದ ಲಾಭವೇನೂ ಇಲ್ಲ. ಆದರೂ ಬೇಯಿಸದ ಸುಶಿ ತಿನ್ನಲೇಬೇಕೆಂದರೆ ನಾನು ಗೋವಾ, ಪುಣೆ ಅಥವಾ ಬೆಂಗಳೂರನ್ನೇ ಆರಿಸುತ್ತೇನೆ, ಕಾರಣ ಗಿರಾಕಿ. ಸುಶಿಯನ್ನೇ ಮಾಡುವ ಅಂಗಡಿಯಲ್ಲಿ ಒಂದು ಸಾಲ್ಮನ್ ಪಾಕೀಟು ಒಡೆದರೆ ಅವತ್ತೇ ಖಾಲಿ. ಕೈ ಪಳಗಿದ ಅಡುಗೆಯವರು, ಬೇರೆ ಚಾಕು, ಬೇರೆ ಹಲಗೆ, ಮೀನಿಗೇ ಬೇರೆ ಫ್ರಿಜ್ಜು ಇರುತ್ತದೆ.

ಸಣ್ಣ ಊರಿನ ಕಷ್ಟ ಅಲ್ಲೇ. ಒಂದೇ ಮೆನುವಿನಲ್ಲಿ ಗೋಬಿ ಮಂಚೂರಿ, ಬಟರ್ ಚಿಕನ್, ಪಾಸ್ತಾ, ಕೊನೆಯ ಪುಟದಲ್ಲಿ ಸುಶಿ ಇದ್ದರೆ ನಾನು ಲೆಕ್ಕ ಹಾಕುತ್ತೇನೆ: ವಾರಕ್ಕೆ ಎಷ್ಟು ಪ್ಲೇಟು ಹೋಗಬಹುದು? ಮಂಗಳವಾರ ಒಡೆದ ಪಾಕೀಟಿನ ಉಳಿದ ತುಂಡು ಶನಿವಾರ ಎಲ್ಲಿರುತ್ತದೆ? ಕೇಳಲು ಸಂಕೋಚ ಬೇಡ. ‘ಮೀನು ಫ್ರೆಶ್ಶಾ, ಫ್ರೋಜನ್ನಾ?’ ಎಂದು ಕೇಳಿ. ‘ಏಕದಮ್ ಫ್ರೆಶ್ ಸರ್, ಇವತ್ತು ಬೆಳಿಗ್ಗೆ ಗೋವಾದಿಂದ ಬಂದದ್ದು’ ಎಂಬ ಉತ್ತರ ಬಂದರೆ ಎದ್ದು ಬನ್ನಿ, ಇಲ್ಲವೇ ವೆಜ್ ರೋಲ್ ಹೇಳಿ. ‘ಫ್ರೋಜನ್ ಬರ್ತೈತ್ರಿ, ನಿನ್ನೆ ರಾತ್ರಿ ಫ್ರಿಜ್ಜಿನಾಗ ಕರಗಾಕ ಇಟ್ಟಿದ್ವಿ’ ಅಂದರೆ ಅವರಿಗೆ ಕೆಲಸ ಗೊತ್ತು. ಎರಡನೆಯ ಪ್ರಶ್ನೆ ಅನ್ನದ್ದು, ಅದು ಮುಂದೆ ಬರುತ್ತದೆ. ಗೋಡೆಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿ ಇದ್ದರೆ ಒಳ್ಳೆಯದೇ, ಆದರೆ ಅದು ಹೋಟೆಲಿನ ಪರವಾನಗಿ, ಇವತ್ತಿನ ಸಾಲ್ಮನ್ನಿನ ಜಾಮೀನಲ್ಲ. ‘ಸುಶಿ ಗ್ರೇಡ್’ ಎಂದು ಬರೆದದ್ದನ್ನೂ ಹಾಗೇ ನೋಡಿ. ಅಮೆರಿಕದಲ್ಲಿ ಕೂಡ ಆ ಮಾತಿಗೆ ಕಾನೂನಿನ ಅರ್ಥವಿಲ್ಲ, ಮಾರುವವರು ಅಂಟಿಸಿಕೊಂಡದ್ದು. ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇತ್ತು ಎಂದು ಹೇಳಬಲ್ಲ ಮಾರಾಟಗಾರ ಆ ಚೀಟಿಗಿಂತ ಮೇಲು.

ಆನ್‌ಲೈನಿನಲ್ಲಿ ಫ್ರೋಜನ್ ಸಾಲ್ಮನ್ ತರಿಸಿ ಮನೆಯಲ್ಲೇ ಮಾಡುವುದು ಇನ್ನೊಂದು ದಾರಿ. ಪಾಕೀಟಿನ ಮೇಲೆ ಹಸಿಯಾಗಿ ತಿನ್ನಲು ಯೋಗ್ಯ ಎಂದು ಇಲ್ಲದಿದ್ದರೆ ಅದು ಬೇಯಿಸುವ ಮೀನು. ಬಂದಾಗ ಕಲ್ಲಿನ ಹಾಗೆ ಗಟ್ಟಿ ಇರಬೇಕು. ಒಳಗೆ ಐಸಿನ ಹರಳು ತುಂಬಿ ಒಂದು ಮೂಲೆಯಲ್ಲಿ ಗಡ್ಡೆ ಕಟ್ಟಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ. ಕರಗಿಸುವುದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ಅಡುಗೆಕಟ್ಟೆಯ ಮೇಲಲ್ಲ. ಗಾಳಿ ತೆಗೆದ ಪಾಕೀಟಾದರೆ ಕರಗಿಸುವ ಮೊದಲು ಒಂದು ಮೂಲೆ ಕತ್ತರಿಸಿ, ಅಥವಾ ಪೂರ್ತಿ ತೆಗೆದು ತಟ್ಟೆಯಲ್ಲಿ ಮುಚ್ಚಿಡಿ. ಗಾಳಿಯಿಲ್ಲದ ಜಾಗದಲ್ಲಿ ಬೊಟುಲಿನಮ್ ವಿಷದ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಮೀನಿನಲ್ಲಿ ಬರುವ ಅದರ ಒಂದು ತಳಿಗೆ ಫ್ರಿಜ್ಜಿನ ತಂಪೂ ಅಡ್ಡಿಯಲ್ಲ. ಇಷ್ಟೆಲ್ಲ ಮಾಡುವ ತಾಳ್ಮೆ ಇದ್ದವರು ಮಾಡಲಿ. ನನಗಿಲ್ಲ.

ಸ್ಮೋಕ್ಡ್ ಸಾಲ್ಮನ್ ಬಗ್ಗೆ ಒಂದೇ ಮಾತು. ಹೊಗೆ ಹಾಕಿದ್ದು ಅಂದರೆ ಬೆಂದದ್ದು ಎಂದು ತಿಳಿಯಬೇಡಿ. ಹೆಚ್ಚಿನವು ತಣ್ಣನೆಯ ಹೊಗೆಯವು, ಫ್ರಿಜ್ಜಿನಲ್ಲೂ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅದರಲ್ಲಿರಬಹುದು.

ಬೇಯಿಸಿದ ಸುಶಿ, ಮತ್ತು ಅನ್ನದ ಮಾತು

ಸುಶಿ ಅಂದರೆ ಹಸಿ ಮೀನು ಅಲ್ಲ. ವಿನೆಗರ್ ಕಲಸಿದ ಅನ್ನ ಸುಶಿ, ಬರೀ ಹಸಿ ಮೀನಿನ ತುಂಡು ಸಾಶಿಮಿ. ಇಷ್ಟು ತಿಳಿದರೆ ಬೆಳಗಾವಿಯವರಿಗೆ ಅರ್ಧ ತೊಂದರೆ ಕಳೆಯುತ್ತದೆ. ಬೇಯಿಸಿದ ಸಿಗಡಿಯ ಎಬಿ, ಸುಟ್ಟ ಹಾವುಮೀನಿನ ಉನಾಗಿ, ಮೊಟ್ಟೆಯ ತಮಾಗೊ, ಸೌತೆಕಾಯಿ ರೋಲ್, ಎಲ್ಲವೂ ನಿಜವಾದ ಸುಶಿಯೇ. ಕ್ಯಾಲಿಫೋರ್ನಿಯಾ ರೋಲಿನಲ್ಲಿ ಹಾಕುವ ಕ್ರ್ಯಾಬ್ ಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಏಡಿಯ ಮಾಂಸ ಇರುವುದಿಲ್ಲ, ಮೀನನ್ನು ಅರೆದು ಬೇಯಿಸಿ ಬಣ್ಣ ಬಳಿದ ಸುರಿಮಿ ಅದು. ನಮ್ಮ ಕರಾವಳಿಯ ರಾಣಿ ಮೀನಿನಿಂದಲೂ ಸುರಿಮಿ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಈ ಊರಿನಲ್ಲಿ ಸುಶಿ ತಿನ್ನುವವರಿಗೆ ನನ್ನ ಮೊದಲ ಆಯ್ಕೆ ಇವೇ, ಎರಡನೆಯದಕ್ಕೂ ಇವಕ್ಕೂ ಬಹಳ ಅಂತರವಿದೆ.

ಆದರೆ ಮೀನು ಬೆಂದ ಮಾತ್ರಕ್ಕೆ ಅನ್ನ ಸುಮ್ಮನಿರುವುದಿಲ್ಲ. ಬೇಯಿಸಿ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ಮಾಡಿಸುವ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಸುಶಿಯ ವಿನೆಗರ್ ರುಚಿಗಷ್ಟೇ ಅಲ್ಲ, ಅನ್ನದ ಪಿಎಚ್ ಅನ್ನು (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗೆ ತಂದು ಅದನ್ನು ತಡೆಯುತ್ತದೆ. ನಮ್ಮ ಅವ್ವಂದಿರು ಯಾತ್ರೆಗೆ ಮೊಸರು ಬುತ್ತಿ ಕಟ್ಟುತ್ತಿದ್ದ ಜಾಣತನವೇ ಇದು. ಹಳೆಯ ಕಾಲದ ಸುಶಿಯಂತೂ ಮೀನು ಕೆಡದಿರಲಿ ಎಂದು ಅನ್ನದಲ್ಲಿ ಹುಗಿದು ತಿಂಗಳುಗಟ್ಟಲೆ ಹುಳಿ ಬರಿಸುತ್ತಿದ್ದದ್ದು. ಹಾಗಾಗಿ ಹೋಟೆಲಿನಲ್ಲಿ ಕೇಳಬೇಕಾದ ಎರಡನೆಯ ಪ್ರಶ್ನೆ: ಅನ್ನ ಯಾವಾಗ ಮಾಡಿದ್ದು? ಹುಳಿ ನಾಲಿಗೆಗೆ ಹತ್ತದ, ಬರೀ ಅಂಟಂಟಾದ ಅನ್ನ ಬಂದರೆ ವಿನೆಗರಿನಲ್ಲಿ ಜಿಪುಣತನ ಮಾಡಿದ್ದಾರೆ.

ಮನೆಯಲ್ಲಿ ಮಾಡುವವರಿಗೆ ಜಪಾನಿ ಅಕ್ಕಿಯ ದುಬಾರಿ ಪಾಕೀಟು ಬೇಡ. ನಮ್ಮ ಅಂಗಡಿಗಳಲ್ಲಿ ಸಿಗುವ ಇಂದ್ರಾಯಣಿ ಅಕ್ಕಿ ಅಂಟು ಹಿಡಿಯುತ್ತದೆ, ಒಳ್ಳೆಯ ಘಮವೂ ಇದೆ. ಜಪಾನಿನ ರುಚಿ ಬರುವುದಿಲ್ಲ, ರೋಲ್ ಮಾತ್ರ ಬಿಚ್ಚಿಕೊಳ್ಳುವುದಿಲ್ಲ. ಅವತ್ತು ಅಣ್ಣನ ಮಗನೂ ಅದರಲ್ಲೇ ಮಾಡಿದ, ಒಳಗೆ ಬೇಯಿಸಿದ ಸಿಗಡಿ, ಸೌತೆಕಾಯಿ. ಸುರಮಯಿ ರವಾ ಫ್ರೈ ಆಯಿತು. ಅವ್ವ ಎರಡನ್ನೂ ತಿಂದು, ‘ಇದರಾಗ ಖಾರ ಯಾಕ ಇಲ್ಲ?’ ಎಂದು ಸುಶಿಗೆ ಚಟ್ನಿಪುಡಿ ಹಾಕಿಕೊಂಡಳು. ಚೆನ್ನಾಗೇ ಇತ್ತು.

ಪಾರ್ಸೆಲ್ ತರಿಸುವುದಾದರೆ

ಬೆಂದದ್ದು ಮಾತ್ರ ತರಿಸಿ. ಹೊರಗಿನ ಹವೆಯಲ್ಲಿ ಒಟ್ಟು 2 ತಾಸು, 32 ಡಿಗ್ರಿ ಮೀರಿದ ದಿನ 1 ತಾಸು, ಅದರೊಳಗೆ ಮುಗಿಸಿ. ಈ ಲೆಕ್ಕ ಸ್ವಿಗ್ಗಿ ಹುಡುಗ ಬಾಗಿಲು ಬಡಿದಾಗ ಶುರುವಾಗುವುದಲ್ಲ, ಅಡುಗೆಮನೆಯಲ್ಲಿ ರೋಲ್ ಸುತ್ತಿದಾಗಿನಿಂದ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ ಎಂದು ಟೇಬಲ್ಲಿನ ಮೇಲೆ ಇಟ್ಟು ಮ್ಯಾಚ್ ಮುಗಿಯುವವರೆಗೆ ಒಂದೊಂದೇ ತಿನ್ನುವ ಚಾಳಿ ನಮ್ಮ ಮನೆಯಲ್ಲೂ ಇದೆ.

ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರು, ಕಿಮೊ ತೆಗೆದುಕೊಳ್ಳುತ್ತಿರುವವರು ಬೇಯಿಸದ ಮೀನನ್ನು ಎಷ್ಟೇ ಒಳ್ಳೆಯ ಹೋಟೆಲಾದರೂ ಮುಟ್ಟಬಾರದು. ಉಳಿದವರಿಗೆ ಎಲ್ಲೋ ತಿಂದು ರಾತ್ರಿ ಹೊಟ್ಟೆ ಹಿಂಡಿದರೆ, ಬೆಳಗಿನವರೆಗೆ ಸೋಡಾ, ಜೀರಿಗೆ ಕಷಾಯ ಕುಡಿಯುತ್ತ ಕೂರಬೇಡಿ. ಮುಖ ಊದಿದರೆ, ಉಸಿರು ಹಿಡಿದರೆ ಆ ಕ್ಷಣವೇ ಹೊರಡಿ. ಡಾಕ್ಟರ ಮುಂದೆ ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ ಎರಡನ್ನೂ ಹೇಳಿ. ಇನ್ನೊಂದು, ‘ಹಸಿ ಮೀನ ತಿಂದೀನ್ರಿ’ ಅನ್ನಬೇಡಿ. ಮಾರ್ಕೆಟ್ಟಿನಿಂದ ತಂದು ಸಾರು ಮಾಡಿ ಉಂಡಿದ್ದಾರೆ ಅಂದುಕೊಂಡಾರು. ‘ಬೇಸಲಾರದ ಮೀನ’ ಅನ್ನಿ.